ಓದುತ್ತಾ ಓದುತ್ತಾ ದೇವರನ್ನು ಕಂಡ ಆವಿಲಾದ ತೆರೇಸಾ

ನಮ್ಮ ಧರ್ಮಕೇಂದ್ರಗಳಲ್ಲಿ ತೆರೇಸಾ ಎಂಬ ಹೆಸರಿಗೆ ಬರಗಾಲವಿಲ್ಲ. ಕುಟುಂಬಕ್ಕೊಬ್ಬರಂತೆ ತೆರೇಸಮ್ಮನೋ ತ್ರೇಸಮ್ಮನೋ ಇದ್ದೇ ಇರುತ್ತಾರೆ. ಆದರೆ ಯಾವ ತೆರೇಸಾ ಎಂದು ಕೇಳಿ ನೋಡಿ. ಹೆಚ್ಚಿನವರು ಗುಲಾಬಿ ಹೂಗಳನ್ನು ಹಿಡಿದ ಲಿಸ್ಯೂದ ಪುಟ್ಟ ತೆರೇಸಾರನ್ನು ನೆನೆಯುತ್ತಾರೆ, ಇಲ್ಲವೇ ನೀಲಿ ಅಂಚಿನ ಸೀರೆಯುಟ್ಟ ಕೊಲ್ಕತ್ತದ ಮದರ್ ತೆರೇಸಾರನ್ನು. ಇವರಿಬ್ಬರಿಗಿಂತಲೂ ಹಿಂದಿನವರು, ಈ ಹೆಸರನ್ನು ಲೋಕಕ್ಕೆ ಪರಿಚಯಿಸಿದವರು ಆವಿಲಾದ ಸಂತ ತೆರೇಸಾ. ಚಿತ್ರಗಳಲ್ಲಿ ಅವರನ್ನು ಗುರುತಿಸುವುದು ಬಹಳ ಸುಲಭ. ಒಂದು ಕೈಯಲ್ಲಿ ಲೇಖನಿ, ಮುಂದೆ ತೆರೆದಿಟ್ಟ ಪುಸ್ತಕ.

ಆ ಪುಸ್ತಕದ ಕಥೆಯನ್ನೇ ಈ ವಾರ ನಿಮಗೆ ಹೇಳಬೇಕೆಂದಿದ್ದೇನೆ. ಮನೆಭೇಟಿಗೆ ಹೋದಾಗ ತಂದೆತಾಯಿಯರು ನನ್ನಲ್ಲಿ ಎರಡು ಬಗೆಯ ದೂರು ಹೇಳುವುದುಂಟು. ಮಗ ಏನನ್ನೂ ಓದುವುದಿಲ್ಲ ಎನ್ನುವುದು ಒಂದು. ಮಗಳು ಪಾಠ ಬಿಟ್ಟು ಬೇಡದ ಕಥೆಗಳನ್ನೇ ಓದುತ್ತಾಳೆ ಎನ್ನುವುದು ಇನ್ನೊಂದು. ಎರಡನೆಯ ದೂರು ಕೇಳಿದಾಗ ನನಗೆ ಒಳಗೊಳಗೇ ನಗು ಬರುತ್ತದೆ. ಗಣಿತದ ಪುಸ್ತಕದ ನಡುವೆ ಬಾಲಮಂಗಳ, ಚಂದಮಾಮಗಳನ್ನು ಬಚ್ಚಿಟ್ಟು ಓದಿದ ಪೀಳಿಗೆ ನಮ್ಮದು. ನಮಗಿಂತ ಐದು ಶತಮಾನಗಳ ಹಿಂದೆ ಸ್ಪೇನ್ ದೇಶದಲ್ಲಿ ಒಬ್ಬ ಹುಡುಗಿ ಇದೇ ಕೆಲಸ ಮಾಡಿದ್ದಳು. ಅವಳೇ ಮುಂದೆ ಧರ್ಮಸಭೆಯ ಪಂಡಿತೆಯಾದಳು. ಹಾಗಾದರೆ ನಡುವೆ ಏನಾಯಿತು? ಬನ್ನಿ, ನೋಡೋಣ.

ಅಪ್ಪನ ಪುಸ್ತಕಗಳು, ಅಮ್ಮನ ಪುಸ್ತಕಗಳು

ತೆರೇಸಾ ಹುಟ್ಟಿದ್ದು 1515ರ ಮಾರ್ಚ್ 28ರಂದು, ಕೋಟೆಗೋಡೆಯ ಊರಾದ ಆವಿಲಾದ ಕುಟುಂಬವೊಂದರಲ್ಲಿ. ತಂದೆ ಅಲೋನ್ಸೊ ಸಾಂಚೆಸ್ ದೆ ಸೆಪೆದಾ, ತಾಯಿ ಬೆಯಾತ್ರಿಸ್ ದೆ ಅಹುಮಾದಾ. ಹನ್ನೆರಡು ಮಕ್ಕಳ ತುಂಬಿದ ಮನೆ. ಅಜ್ಜ ಯೆಹೂದ್ಯ ಮೂಲದಿಂದ ಬಂದ ಕ್ರೈಸ್ತರು. 1485ರಲ್ಲಿ ತೊಲೆದೊ ನಗರದಲ್ಲಿ ಧರ್ಮವಿಚಾರಣಾ ಮಂಡಳಿಯ ಮುಂದೆ ನಿಂತು ಪ್ರಾಯಶ್ಚಿತ್ತ ಮಾಡಬೇಕಾಗಿ ಬಂದವರು. ಸಂಶಯದ ಕಣ್ಣುಗಳ ನಡುವೆ ತಲೆಯೆತ್ತಿ ಬಾಳಲು ಕಲಿತ ಮನೆತನ ಅದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತಂದೆ ಗಂಭೀರ ಸ್ವಭಾವದವರು, ಒಳ್ಳೆಯ ಪುಸ್ತಕಗಳ ಪ್ರೇಮಿ. ಕ್ರಿಸ್ತರ ಜೀವನ, ಪೂಜೆಯ ವಿವರಣೆ, ಸೆನೆಕನ ನೀತಿವಾಕ್ಯ, ಬೊಯೆತಿಯಸನ ತತ್ವಗ್ರಂಥ, ವರ್ಜಿಲನ ಕಾವ್ಯ ಇಂಥವು ಅವರ ಮನೆಯಲ್ಲಿದ್ದವು. ಮಕ್ಕಳು ಓದಲೆಂದೇ ಸ್ಪ್ಯಾನಿಷ್ ಭಾಷೆಯ ಪುಸ್ತಕಗಳನ್ನು ತಂದಿಡುತ್ತಿದ್ದರು. ಮುದ್ರಣಯಂತ್ರ ಬಂದು ಇನ್ನೂ ನೂರು ವರ್ಷ ಆಗಿರದ ಕಾಲದಲ್ಲಿ, ಹೆಣ್ಣುಮಕ್ಕಳಿಗೆ ಅಕ್ಷರವೇ ಬೇಡ ಎನ್ನುತ್ತಿದ್ದ ಸಮಾಜದಲ್ಲಿ, ಇದು ಸಣ್ಣ ಮಾತಲ್ಲ.

ಏಳು ವರ್ಷದ ತೆರೇಸಾ ತನ್ನ ಅಚ್ಚುಮೆಚ್ಚಿನ ಅಣ್ಣ ರೊದ್ರಿಗೊ ಜೊತೆ ಕುಳಿತು ಸಂತರ ಜೀವನಚರಿತ್ರೆಗಳನ್ನು ಓದುತ್ತಿದ್ದಳು. ರಕ್ತಸಾಕ್ಷಿಗಳು ಒಂದೇ ಕ್ಷಣದ ನೋವಿಗೆ ಮುಗಿಯದ ಸ್ವರ್ಗವನ್ನು ಪಡೆದರಲ್ಲ, ಎಷ್ಟು ಅಗ್ಗದ ವ್ಯಾಪಾರ ಎಂದು ಮಕ್ಕಳಿಗೆ ಅನಿಸಿತು. ಒಂದು ದಿನ ಇಬ್ಬರೂ ಮೂರರ ನಾಡಿಗೆ ಹೋಗಿ ಕ್ರಿಸ್ತರಿಗಾಗಿ ತಲೆ ಕೊಡೋಣವೆಂದು ಮನೆ ಬಿಟ್ಟು ಹೊರಟೇಬಿಟ್ಟರು! ಊರ ಹೊರಗೆ ಚಿಕ್ಕಪ್ಪನ ಕಣ್ಣಿಗೆ ಬಿದ್ದು ಮನೆಗೆ ಮರಳಿದರು. ಆಮೇಲೆ ತೋಟದಲ್ಲಿ ಕಲ್ಲು ಜೋಡಿಸಿ ಸನ್ಯಾಸಿಗಳ ಗುಡಿಸಲು ಕಟ್ಟುವ ಆಟ. ಕಲ್ಲುಗಳು ಉರುಳಿ ಬೀಳುತ್ತಲೇ ಇದ್ದವು. ಓದಿದ್ದನ್ನು ಓದಿ ಸುಮ್ಮನಿರುವ ಜಾತಿಯ ಹುಡುಗಿ ಇವಳಲ್ಲ ಎನ್ನುವುದು ಅಂದೇ ತಿಳಿಯಿತು.

ತಾಯಿ ಬೆಯಾತ್ರಿಸ್ ಅವರದ್ದು ಬೇರೆಯೇ ರುಚಿ. ಎಳೆಯ ವಯಸ್ಸಿನಲ್ಲೇ ಮದುವೆ, ಸಾಲುಸಾಲು ಹೆರಿಗೆ, ಕಾಯಿಲೆ. ಅವರ ಏಕೈಕ ಸಮಾಧಾನ ಎಂದರೆ ವೀರಯೋಧರ ಸಾಹಸ ಮತ್ತು ಪ್ರೇಮದ ಕಾದಂಬರಿಗಳು. ಆಗ ಸ್ಪೇನಿನಲ್ಲಿ ಅಮಾದಿಸನ ಕಥೆಯಂಥವು ಮನೆಮಾತಾಗಿದ್ದವು. ಮುಂದೆ 1605ರಲ್ಲಿ ಸರ್ವಾಂತಿಸ್ ತನ್ನ ಡಾನ್ ಕ್ವಿಕ್ಸೋಟ್‌ನಲ್ಲಿ ಗೇಲಿ ಮಾಡಿದ್ದು ಇದೇ ಕಥೆಗಳನ್ನು. ತಂದೆಗೆ ಇವು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಆದ್ದರಿಂದ ತಾಯಿ ಮಕ್ಕಳು ಕದ್ದು ಓದುತ್ತಿದ್ದರು. ತಾಯಿ ಮನೆಗೆಲಸ ಬಿಡದೆ ಓದಿದರೆ, ಮಗಳು ಹಗಲು ರಾತ್ರಿ ಎನ್ನದೆ ಓದಿದಳು. ಕೈಯಲ್ಲಿ ಹೊಸ ಪುಸ್ತಕ ಇಲ್ಲದಿದ್ದರೆ ಅವಳಿಗೆ ನೆಮ್ಮದಿಯೇ ಇರುತ್ತಿರಲಿಲ್ಲ. ತೆರೇಸಾ ಮತ್ತು ರೊದ್ರಿಗೊ ಸೇರಿ ತಾವೇ ಇಂಥದ್ದೊಂದು ಕಾದಂಬರಿ ಬರೆದಿದ್ದರೆಂದು, 1590ರಲ್ಲಿ ಆಕೆಯ ಜೀವನಚರಿತ್ರೆ ಬರೆದ ಯೇಸುಸಭೆಯ ಗುರು ಫ್ರಾನ್ಸಿಸ್ಕೊ ದೆ ರಿಬೆರಾ ದಾಖಲಿಸಿದ್ದಾರೆ.

1528ರ ಸುಮಾರಿಗೆ ತಾಯಿ ತೀರಿಕೊಂಡರು. ಅಳುತ್ತಾ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ನಿಂತು, ಇನ್ನು ನೀವೇ ನನ್ನ ತಾಯಿ ಎಂದು ಹುಡುಗಿ ಬೇಡಿಕೊಂಡಳು. ಆದರೂ ಹರೆಯ ತನ್ನ ದಾರಿ ಹಿಡಿಯಿತು. ಒಡವೆ, ಸುಗಂಧ, ಕೇಶಾಲಂಕಾರ, ಹಗುರ ಸಹವಾಸದ ಬಂಧುವೊಬ್ಬಳ ಗೆಳೆತನ. ಕಾದಂಬರಿಗಳ ನಾಯಕಿಯಂತೆ ತಾನೂ ಮೆಚ್ಚುಗೆಗೆ ಪಾತ್ರಳಾಗಬೇಕೆಂಬ ಆಸೆ. ಆ ಪುಸ್ತಕಗಳು ತನ್ನ ಮನಸ್ಸನ್ನು ತಣ್ಣಗಾಗಿಸಿದವು ಎಂದು ತೆರೇಸಾ ಮುಂದೆ ನಿಷ್ಠುರವಾಗಿ ಒಪ್ಪಿಕೊಂಡಿದ್ದಾರೆ. ತಾಯಿಯನ್ನು ದೂರದೆ, ಆದರೆ ತಂದೆತಾಯಿಯರು ಮಕ್ಕಳ ಕೈಗೆ ಏನು ಸಿಗುತ್ತದೆ ಎಂದು ಗಮನಿಸಬೇಕು ಎಂದು ಎಚ್ಚರಿಸಿದ್ದಾರೆ. ನಾವು ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಇಷ್ಟವಿಲ್ಲದೆ ಹಿಡಿದ ಪುಸ್ತಕ

1531ರಲ್ಲಿ ತಂದೆ ಮಗಳನ್ನು ಆವಿಲಾದ ಅಗುಸ್ತೀನರ ಕನ್ಯಾಸ್ತ್ರೀಯರ ಮಠದ ವಸತಿಗೆ ಕಳುಹಿಸಿದರು. ಅಲ್ಲಿ ಮರಿಯಾ ದೆ ಬ್ರಿಸೇನ್ಯೊ ಎಂಬ ಸಿಸ್ಟರ್ ಅವರ ಸ್ನೇಹದಿಂದ ಹುಡುಗಿಯ ಮನಸ್ಸು ಮೆಲ್ಲಗೆ ತಿರುಗಿತು. ಒಂದೂವರೆ ವರ್ಷದಲ್ಲಿ ಕಾಯಿಲೆ ಬಿದ್ದು ಮನೆಗೆ ಮರಳಿ, ಆಮೇಲೆ ಅಕ್ಕನ ಮನೆಗೆ ಹೋಗುವಾಗ ದಾರಿಯಲ್ಲಿ ದೊಡ್ಡಪ್ಪ ಪೆದ್ರೊ ಸಾಂಚೆಸ್ ಅವರ ಮನೆಯಲ್ಲಿ ಕೆಲವು ದಿನ ತಂಗಿದಳು. ಹೆಂಡತಿ ತೀರಿಹೋದ ಮೇಲೆ ಅವರು ಜಪ, ಓದಿನಲ್ಲೇ ಕಾಲ ಕಳೆಯುತ್ತಿದ್ದವರು. ಮಗೂ, ಸ್ವಲ್ಪ ಓದಿ ಹೇಳು ಎಂದು ಧಾರ್ಮಿಕ ಪುಸ್ತಕಗಳನ್ನು ಅವಳ ಕೈಗೆ ಕೊಡುತ್ತಿದ್ದರು. ಅವಳಿಗೆ ಅವು ಒಂದಿಷ್ಟೂ ರುಚಿಸಲಿಲ್ಲ. ಆದರೂ ಹಿರಿಯರ ಮನಸ್ಸು ನೋಯಬಾರದೆಂದು ಇಷ್ಟವಿದ್ದಂತೆ ನಟಿಸಿ ಓದಿದಳು.

ಓದುಗರೇ, ಈ ಘಟನೆಯನ್ನು ನಾನು ಎಷ್ಟು ಸಲ ಓದಿದರೂ ಮೆಚ್ಚಿಕೊಳ್ಳುತ್ತೇನೆ. ದೇವರು ಒಂದು ಹುಡುಗಿಯ ಸೌಜನ್ಯವನ್ನೇ ಬಾಗಿಲು ಮಾಡಿಕೊಂಡರು! ಮುಖದಾಕ್ಷಿಣ್ಯಕ್ಕೆ ಓದಿದ ಮಾತುಗಳು ಒಳಗಿಳಿದು ಕುಳಿತವು. ಲೋಕವೆಲ್ಲ ಕ್ಷಣಿಕ ಎಂದು ಏಳು ವರ್ಷದಲ್ಲಿ ಹೊಳೆದಿದ್ದ ಸತ್ಯ ಮತ್ತೆ ಎಚ್ಚರವಾಯಿತು.

ಆದರೂ ಮಠ ಸೇರುವ ಧೈರ್ಯ ಸಾಲಲಿಲ್ಲ. ಮೂರು ತಿಂಗಳು ಮನಸ್ಸಿನಲ್ಲೇ ಯುದ್ಧ. ಆಗ ಸಂತ ಜೆರೋಮರ ಪತ್ರಗಳ ಸ್ಪ್ಯಾನಿಷ್ ಅನುವಾದ ಸಿಕ್ಕಿತು. ಸಂತರ ಚರಿತ್ರೆ, ಕಾದಂಬರಿ, ಧರ್ಮಬೋಧೆ ಓದಿದ್ದ ಹುಡುಗಿಗೆ ಇದು ಇನ್ನೊಂದೇ ಜಾತಿಯ ಪುಸ್ತಕ. ಒಬ್ಬ ಬಿಸಿರಕ್ತದ ಮನುಷ್ಯ ತನ್ನ ಸ್ನೇಹಿತರಿಗೆ ಬರೆದ ಕಾಗದಗಳು. ಮುಚ್ಚುಮರೆಯಿಲ್ಲದ ಆ ಮಾತುಗಳು ತೆರೇಸಾಗೆ ನೇರವಾಗಿ ನಾಟಿದವು. ತಂದೆಯ ಮುಂದೆ ನಿಂತು ತನ್ನ ತೀರ್ಮಾನ ತಿಳಿಸಿಯೇಬಿಟ್ಟಳು. ತಂದೆ ಒಪ್ಪಲಿಲ್ಲ. ಕೊನೆಗೆ 1535ರ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ಮುಂಜಾನೆ, ಆಕೆ ಮನೆ ಬಿಟ್ಟು ಆವಿಲಾದ ಮನುಷ್ಯಾವತಾರದ ಕಾರ್ಮೆಲ್ ಮಠ ಸೇರಿದರು. ತಂದೆಯ ಮನೆಯಿಂದ ಹೊರಟಾಗ ಮೂಳೆಗಳೆಲ್ಲ ಕಳಚಿದಷ್ಟು ನೋವಾಯಿತೆಂದು ಮುಂದೆ ನೆನಪಿಸಿಕೊಂಡಿದ್ದಾರೆ.

ಹಾಸಿಗೆಯ ಪಕ್ಕದ ಪುಸ್ತಕಗಳು

ಮಠದಲ್ಲಿ ಸಂತೋಷವಿತ್ತು, ಆದರೆ ಆರೋಗ್ಯವಿರಲಿಲ್ಲ. 1538ರಲ್ಲಿ ಚಿಕಿತ್ಸೆಗೆಂದು ಬೆಸೆದಾಸ್ ಎಂಬ ಹಳ್ಳಿಗೆ ಹೊರಟಾಗ, ದಾರಿಯಲ್ಲಿ ಅದೇ ದೊಡ್ಡಪ್ಪ ಮತ್ತೊಂದು ಪುಸ್ತಕ ಕೊಟ್ಟರು. ಫ್ರಾನ್ಸಿಸ್ಕನ್ ಸಭೆಯ ಫ್ರಾನ್ಸಿಸ್ಕೊ ದೆ ಒಸುನಾ ಅವರ ಮೂರನೆಯ ಆಧ್ಯಾತ್ಮಿಕ ವರ್ಣಮಾಲೆ. 1527ರಲ್ಲಿ ಅಚ್ಚಾದ ಗ್ರಂಥ. ಹೊರಗೆ ಚದುರಿದ ಮನಸ್ಸನ್ನು ಒಳಗೆ ಕೂಡಿಸಿಕೊಂಡು ಮೌನವಾಗಿ ದೇವರ ಸನ್ನಿಧಿಯಲ್ಲಿ ಇರುವುದು ಹೇಗೆಂದು ಅದು ಕಲಿಸುತ್ತದೆ. ಆಮೆ ತನ್ನ ಅಂಗಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವ ಹಾಗೆ. ಪ್ರಾರ್ಥಿಸಬೇಕೆಂಬ ಆಸೆಯಿದ್ದರೂ ಕಲಿಸುವ ಗುರು ಸಿಗದೆ ಪರದಾಡುತ್ತಿದ್ದ ತೆರೇಸಾರಿಗೆ ಆ ಪುಸ್ತಕವೇ ಗುರುವಾಯಿತು. ಅವರು ಓದಿದ್ದೆಂದು ಹೇಳಲಾಗುವ ಪ್ರತಿಯನ್ನು ಆವಿಲಾದ ಸಂತ ಜೋಸೆಫರ ಮಠದಲ್ಲಿ ಜೋಪಾನವಾಗಿ ಇಡಲಾಗಿದೆ.

ಚಿಕಿತ್ಸೆಯಾದರೋ ಕಾಯಿಲೆಗಿಂತ ಭೀಕರವಾಯಿತು. ನಾಟಿ ವೈದ್ಯೆಯ ಔಷಧಿ ಆಕೆಯನ್ನು ಸಾವಿನ ಬಾಗಿಲಿಗೆ ತಂದಿಟ್ಟಿತು. 1539ರ ಆಗಸ್ಟ್‌ನಲ್ಲಿ ನಾಲ್ಕು ದಿನ ಪ್ರಜ್ಞೆಯೇ ಇರಲಿಲ್ಲ. ಸತ್ತರೆಂದೇ ಭಾವಿಸಿ ಮಠದಲ್ಲಿ ಸಮಾಧಿ ಅಗೆದಿಟ್ಟರು. ಎಚ್ಚರಗೊಂಡಾಗ ರೆಪ್ಪೆಯ ಮೇಲೆ ಮೇಣ ಅಂಟಿತ್ತು. ಆಮೇಲೆ ಸುಮಾರು ಮೂರು ವರ್ಷ ಕೈಕಾಲು ಸ್ವಾಧೀನವಿಲ್ಲದ ಬದುಕು. ಅಂಬೆಗಾಲಿಡಲು ಸಾಧ್ಯವಾದ ದಿನ ದೇವರಿಗೆ ಸ್ತೋತ್ರ ಹೇಳಿದರು. ಆ ದಿನಗಳಲ್ಲಿ ಜತೆಯಾದದ್ದು ಯೋಬನ ಗ್ರಂಥಕ್ಕೆ ಜಗದ್ಗುರು ಮಹಾ ಗ್ರೆಗೋರಿಯವರು ಬರೆದ ವ್ಯಾಖ್ಯಾನ. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬ ಆಕೆಗೆ ತಾಳ್ಮೆ ಕಲಿಸಿದ. ತಮ್ಮ ಗುಣವಾಗುವಿಕೆಯನ್ನು ಅವರು ಸಂತ ಜೋಸೆಫರ ಕೃಪೆ ಎಂದೇ ನಂಬಿದ್ದರು.

ಗುಣವಾದ ಮೇಲೆ ಸಂತರಾಗಿಬಿಟ್ಟರೇ? ಇಲ್ಲ. ಬಹಳ ವರ್ಷ ಎರಡು ದೋಣಿಯ ಮೇಲೆ ಕಾಲಿಟ್ಟ ಬಾಳು. ಮಠದ ಅತಿಥಿಕೋಣೆಯಲ್ಲಿ ಹರಟೆ ಒಂದು ಕಡೆ, ಪ್ರಾರ್ಥನೆಯ ಸೆಳೆತ ಇನ್ನೊಂದು ಕಡೆ. ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರಂತೆ! ಪಲ್ಲವಿ ಮುಗಿಯುವ ಮೊದಲೇ ಗಡಿಯಾರ ನೋಡುವ ನಮಗೆ ಇದಕ್ಕಿಂತ ಸಮಾಧಾನದ ಸುದ್ದಿ ಉಂಟೇ? ಹದಿನೆಂಟು ವರ್ಷಗಳ ಕಾಲ, ಪರಮಪ್ರಸಾದ ಸ್ವೀಕರಿಸಿದ ಸಮಯವೊಂದನ್ನು ಬಿಟ್ಟರೆ, ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯ ಅವರಿಗೆ ಇರಲಿಲ್ಲ. ಅಲೆಯುವ ಆಲೋಚನೆಗಳ ಏಟು ತಡೆಯಲು ಪುಸ್ತಕ ಗುರಾಣಿಯಂತಿತ್ತು. ಕೆಲವು ದಿನ ಒಂದೆರಡು ಸಾಲು ಸಾಕಾಗುತ್ತಿತ್ತು, ಕೆಲವು ದಿನ ಪುಟಗಟ್ಟಲೆ ಬೇಕಾಗುತ್ತಿತ್ತು, ಕೆಲವೊಮ್ಮೆ ಪುಸ್ತಕವನ್ನು ತೆರೆಯದಿದ್ದರೂ ಪಕ್ಕದಲ್ಲಿದೆ ಎಂಬ ಭರವಸೆಯೇ ಸಾಕಿತ್ತು.

1554ರ ಸುಮಾರಿಗೆ, ಮೂವತ್ತೊಂಬತ್ತರ ಆಸುಪಾಸಿನಲ್ಲಿ, ಗಾಯಗೊಂಡ ಕ್ರಿಸ್ತರ ಸ್ವರೂಪವೊಂದನ್ನು ಕಂಡು ಆಕೆಯ ಹೃದಯ ಒಡೆಯಿತು. ಅದೇ ಕಾಲಕ್ಕೆ ಯಾರೋ ಸಂತ ಅಗುಸ್ತೀನರ ಆತ್ಮನಿವೇದನೆಯ ಪುಸ್ತಕ ಕೊಟ್ಟರು. ಅದರ ಸ್ಪ್ಯಾನಿಷ್ ಅನುವಾದ ಅಚ್ಚಾಗಿ ಬಂದದ್ದೂ 1554ರಲ್ಲೇ. ಪಾಪದಲ್ಲಿ ಒದ್ದಾಡಿ, ನಾಳೆ ನಾಳೆ ಎಂದು ಮುಂದೂಡಿ, ತೋಟದಲ್ಲಿ ದೇವರ ಕರೆ ಕೇಳಿ ಅತ್ತ ಅಗುಸ್ತೀನರ ಪುಟ ಬಂದಾಗ, ಆ ಕರೆ ತನಗೇ ಬಂದಂತೆ ತೆರೇಸಾರಿಗೆ ಅನಿಸಿತು. ಬಹಳ ಹೊತ್ತು ಕಣ್ಣೀರಿನಲ್ಲಿ ಕರಗಿಹೋದರು. ಅಂದಿನಿಂದ ಹಿಂದೆ ನೋಡಲಿಲ್ಲ.

ಪುಸ್ತಕಗಳನ್ನು ಕಿತ್ತುಕೊಂಡಾಗ

ಪ್ರಾರ್ಥನೆ ಆಳವಾದಂತೆ ತೆರೇಸಾರಿಗೆ ಹೊಸ ಸಂಕಟ ಎದುರಾಯಿತು. ಒಳಗೆ ಆಗುತ್ತಿದ್ದುದನ್ನು ಹೇಳಲು ಮಾತು ಸಿಗುತ್ತಿರಲಿಲ್ಲ. ಕೆಲವು ಸಲಹೆಗಾರರು ಇದು ದೆವ್ವದ ಮೋಸ ಎಂದರು. ಆಗಲೂ ಪುಸ್ತಕವೇ ನೆರವಿಗೆ ಬಂತು. ಬೆರ್ನಾರ್ದಿನೊ ದೆ ಲಾರೆದೊ ಅವರ ಸಿಯೋನ್ ಪರ್ವತಾರೋಹಣ ಎಂಬ ಗ್ರಂಥದಲ್ಲಿ ತಮ್ಮ ಅನುಭವಕ್ಕೆ ಹೊಂದುವ ಸಾಲುಗಳಿಗೆ ಗೆರೆ ಎಳೆದು, ನನಗೆ ಆಗುತ್ತಿರುವುದು ಇದು ಎಂದು ಆ ಪುಸ್ತಕವನ್ನೇ ಅವರ ಕೈಗಿತ್ತರು. ನಮಗೂ ಹೀಗಾಗುವುದಿಲ್ಲವೇ? ಎದೆಯೊಳಗೆ ವರ್ಷಗಟ್ಟಲೆ ಹೆಸರಿಲ್ಲದೆ ಕುಳಿತ ನೋವನ್ನು ಎಂದೋ ಯಾರೋ ಬರೆದ ಒಂದು ಸಾಲು ಹೆಸರಿಟ್ಟು ಕರೆಯುತ್ತದೆ.

ಒಂದು ಮಾತನ್ನು ನಾವು ಗುರುಗಳು ವಿಶೇಷವಾಗಿ ಗಮನಿಸಬೇಕು. ಅರೆಬರೆ ಓದಿದ ಪಾಪನಿವೇದನಾ ಗುರುಗಳು ತಮಗೆ ಬಹಳ ಹಾನಿ ಮಾಡಿದರೆಂದು, ನಿಜವಾದ ಪಂಡಿತರು ಎಂದೂ ಮೋಸ ಮಾಡಲಿಲ್ಲವೆಂದು ತೆರೇಸಾ ಸ್ಪಷ್ಟವಾಗಿ ಬರೆದಿದ್ದಾರೆ. ಭಕ್ತಿಯಿದ್ದರೆ ಸಾಕು, ಓದು ಯಾಕೆ ಎನ್ನುವವರಿಗೆ ಈ ಸಂತರು ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ.

ಹೀಗಿರುವಾಗ 1559ರಲ್ಲಿ ಸಿಡಿಲಿನಂಥ ಸುದ್ದಿ ಬಂತು. ಮಹಾ ಧರ್ಮವಿಚಾರಕರಾಗಿದ್ದ ಫೆರ್ನಾಂದೊ ದೆ ವಾಲ್ದೆಸ್ ನಿಷೇಧಿತ ಪುಸ್ತಕಗಳ ಪಟ್ಟಿ ಹೊರಡಿಸಿದರು. ಹೊಸ ಬೋಧನೆಗಳು ಸ್ಪೇನಿಗೆ ನುಸುಳುತ್ತವೆಂಬ ಭಯದಲ್ಲಿ ಜನರ ಭಾಷೆಯ ಬೈಬಲ್ ಮಾತ್ರವಲ್ಲ, ಪ್ರಾರ್ಥನೆಯ ಬಗೆಗಿನ ಅನೇಕ ಸ್ಪ್ಯಾನಿಷ್ ಪುಸ್ತಕಗಳೂ ಆ ಪಟ್ಟಿಗೆ ಸೇರಿದವು. ಲೂಯಿಸ್ ದೆ ಗ್ರನಾದಾ ಅವರ ಪುಸ್ತಕಗಳು, ಮುಂದೆ ಸಂತರೆಂದು ಘೋಷಿತರಾದ ಆವಿಲಾದ ಯೊವಾನ್ನರ ಗ್ರಂಥ, ಫ್ರಾನ್ಸಿಸ್ ಬೋರ್ಜಿಯರ ಹೆಸರಿನ ಬರಹಗಳು ಎಲ್ಲವೂ. ಲತೀನ್ ಬಲ್ಲವರು ಓದಬಹುದಿತ್ತು. ಆದರೆ ತೆರೇಸಾರಿಗೆ, ಆಕೆಯಂಥ ಸಾವಿರಾರು ಸ್ತ್ರೀಯರಿಗೆ ಲತೀನ್ ಬರುತ್ತಿರಲಿಲ್ಲ. ಅವರ ಪಾಲಿಗೆ ಕಪಾಟಿನ ಬಾಗಿಲು ಮುಚ್ಚಿತು.

ಧರ್ಮಸಭೆಯ ಇತಿಹಾಸದ ಈ ಪುಟವನ್ನು ನಾವು ಮುಚ್ಚಿಡಬೇಕಾಗಿಲ್ಲ. ಭಯದಿಂದ ಮಾಡಿದ ಕೆಲಸ ಭಕ್ತರ ಬಾಯಿಯಿಂದ ರೊಟ್ಟಿ ಕಸಿದಂತಾಯಿತು. ತೆರೇಸಾ ಬಹಳ ನೊಂದುಕೊಂಡರು. ಆದರೆ ದಂಗೆ ಏಳಲಿಲ್ಲ, ಸಭೆಯನ್ನು ಬಿಡಲೂ ಇಲ್ಲ. ಆ ನೋವಿನಲ್ಲಿದ್ದಾಗ, ದುಃಖಿಸಬೇಡ, ನಿನಗೆ ಜೀವಂತ ಪುಸ್ತಕ ಕೊಡುತ್ತೇನೆ ಎಂಬ ಅರ್ಥದ ಭರವಸೆಯನ್ನು ಪ್ರಭುವಿನಿಂದ ಪಡೆದರು. ಅದೇನೆಂದು ಮೊದಲು ತಿಳಿಯಲಿಲ್ಲ. ಕೆಲವೇ ದಿನಗಳಲ್ಲಿ ತಿಳಿಯಿತು. ಯೇಸುಸ್ವಾಮಿಯೇ ಆ ಪುಸ್ತಕ. ಅಷ್ಟು ದಿನ ಓದಿದ ಪುಸ್ತಕಗಳೆಲ್ಲ ಬೆರಳು ತೋರಿಸುತ್ತಿದ್ದುದು ಅವರ ಕಡೆಗೇ.

ಓದಿದವರು ಬರೆದರು

ಆಮೇಲೆ ನಡೆದದ್ದು ಇನ್ನೂ ಸೋಜಿಗ. ಓದಲು ಪುಸ್ತಕವಿಲ್ಲದಂತಾದ ಸ್ತ್ರೀ ತಾನೇ ಪುಸ್ತಕ ಬರೆಯತೊಡಗಿದರು. ಗುರುಗಳ ಆಜ್ಞೆಯಂತೆ 1562ರಲ್ಲಿ ಆತ್ಮಚರಿತ್ರೆಯನ್ನು ಬರೆದು, 1565ರ ಹೊತ್ತಿಗೆ ಮತ್ತೆ ತಿದ್ದಿ ಬರೆದರು. ಅದೇ 1562ರ ಆಗಸ್ಟ್ 24ರಂದು ಆವಿಲಾದಲ್ಲಿ ಸಂತ ಜೋಸೆಫರ ಪುಟ್ಟ ಮಠವನ್ನು ತೆರೆದು ಕಾರ್ಮೆಲ್ ಸಭೆಯ ಸುಧಾರಣೆಗೆ ಅಡಿಪಾಯ ಹಾಕಿದರು. ಬಡ ಮಠ, ನೂಲು ತೆಗೆಯುವ ಕೆಲಸ ಬಾಕಿ ಬೀಳುತ್ತದಲ್ಲ ಎಂದು ಕೊರಗುತ್ತಲೇ ಬರೆಯುತ್ತಿದ್ದರು.

ತಮ್ಮ ಸೋದರಿಯರಿಗೆ ಪುಸ್ತಕಗಳಿಲ್ಲವೆಂದು ಪ್ರಾರ್ಥನೆ ಕಲಿಸಲು ಪರಿಪೂರ್ಣತೆಯ ಮಾರ್ಗ ಬರೆದರು. ಯಾವ ಪುಸ್ತಕ ಕಸಿದರೂ ಪರಲೋಕ ಮಂತ್ರವನ್ನೂ ನಮೋ ಮರಿಯಾ ಜಪವನ್ನೂ ಯಾರೂ ಕಸಿಯಲಾರರು ಎಂಬ ಅರ್ಥದ ಮಾತು ಅದರಲ್ಲಿದೆ. ಹಸ್ತಪ್ರತಿ ನೋಡಿದ ಪರಿಶೀಲಕರೊಬ್ಬರು, ಈಕೆ ಪುಸ್ತಕ ನಿಷೇಧಿಸಿದವರನ್ನೇ ಗದರಿಸುವಂತಿದೆ ಎಂದು ಅಂಚಿನಲ್ಲಿ ಗುರುತು ಹಾಕಿದರು. ಸಂಶಯದ ಕಣ್ಣು ಅಜ್ಜನನ್ನು ಕಾಡಿದಂತೆ ಮೊಮ್ಮಗಳನ್ನೂ ಬಿಡಲಿಲ್ಲ. ಮುಂದೆ ಆತ್ಮಚರಿತ್ರೆಯ ಹಸ್ತಪ್ರತಿಯೇ ಧರ್ಮವಿಚಾರಣಾ ಮಂಡಳಿಯ ವಶವಾಯಿತು. ಆಕೆ ಬದುಕಿರುವವರೆಗೂ ಮರಳಲಿಲ್ಲ.

ಆಗ ಅರುವತ್ತೆರಡರ ವಯಸ್ಸಿನ ತೆರೇಸಾ ಏನು ಮಾಡಿದರು ಗೊತ್ತೇ? 1577ರ ಜೂನ್ 2ರಂದು ತೊಲೆದೊದಲ್ಲಿ ಕುಳಿತು ಮತ್ತೊಂದು ಪುಸ್ತಕ ಆರಂಭಿಸಿ, ನವೆಂಬರ್ 29ರಂದು ಆವಿಲಾದಲ್ಲಿ ಮುಗಿಸಿದರು. ಅದೇ ಆತ್ಮದ ಅಂತರಂಗ ಕೋಟೆ. ನಮ್ಮ ಆತ್ಮ ಸ್ಫಟಿಕದ ಕೋಟೆಯಂತೆ, ಅದರಲ್ಲಿ ಏಳು ಬಗೆಯ ನಿವಾಸಗಳು, ನಡುಮನೆಯಲ್ಲಿ ಅರಸರಾದ ದೇವರು. ಕೋಟೆ, ಅರಸ, ಯೋಧ ಇವನ್ನೆಲ್ಲ ತೆರೇಸಾ ಮೊದಲು ಕಂಡದ್ದು ಎಲ್ಲಿ? ಆವಿಲಾದ ಗೋಡೆಗಳಲ್ಲಿ, ಮತ್ತು ಅಮ್ಮನ ಜೊತೆ ಕದ್ದು ಓದಿದ ಆ ಕಥೆಗಳಲ್ಲಿ ಎಂದು ನನಗೆ ಅನಿಸುತ್ತದೆ. ದೇವರ ಮನೆಯಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ. ಐದು ರೊಟ್ಟಿಯ ಊಟದ ಮೇಲೆ ಚೂರುಗಳನ್ನೂ ಬುಟ್ಟಿಗೆ ತುಂಬಿಸಿದ ಸ್ವಾಮಿಯಲ್ಲವೇ ಅವರು?

ಹಲವು ಬಗೆಯ ಪುಸ್ತಕ ಓದಿದವರು ಹಲವು ಬಗೆಯಲ್ಲಿ ಬರೆದರು. ಆತ್ಮಚರಿತ್ರೆ, ಪ್ರಾರ್ಥನಾ ಬೋಧೆ, ಕವಿತೆ, ಮಠದ ನಿಯಮಾವಳಿ, ಒಂದು ವಿನೋದ ಬರಹ ಕೂಡ. ಮಠಗಳ ಸ್ಥಾಪನೆಯ ಕಥನವನ್ನಂತೂ ಎತ್ತಿನ ಗಾಡಿ, ಕೆಸರಿನ ದಾರಿ, ಬಾಡಿಗೆ ಮನೆಯ ತಗಾದೆಗಳ ಸಮೇತ ಸಾಹಸ ಕಥೆಯಂತೆ ಬರೆದಿದ್ದಾರೆ. ಆಕೆಯ ನಾನೂರಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಹದಿನೇಳು ಮಠಗಳನ್ನು ಸ್ಥಾಪಿಸುತ್ತಾ ಊರೂರು ಅಲೆಯುತ್ತಾ ಇಷ್ಟೆಲ್ಲ ಬರೆದರು.

ಆ ಮಠಗಳಿಗೆ ಬರೆದ ನಿಯಮದಲ್ಲಿ ಒಂದು ಅಂಶ ನನಗೆ ಬಹಳ ಪ್ರಿಯ. ಮಠದ ಮಾತೆಯವರು ಮನೆಯಲ್ಲಿ ಒಳ್ಳೆಯ ಪುಸ್ತಕಗಳಿರುವಂತೆ ನೋಡಿಕೊಳ್ಳಬೇಕು, ದೇಹಕ್ಕೆ ಊಟ ಎಷ್ಟು ಅಗತ್ಯವೋ ಆತ್ಮಕ್ಕೆ ಓದು ಹೆಚ್ಚುಕಡಿಮೆ ಅಷ್ಟೇ ಅಗತ್ಯ ಎಂದು ಕಾರಣ ಕೊಟ್ಟು, ಪುಸ್ತಕಗಳ ಹೆಸರನ್ನೂ ಸೂಚಿಸಿದ್ದಾರೆ. ಕ್ರಿಸ್ತರ ಜೀವನ, ಸಂತರ ಚರಿತ್ರೆಗಳು, ಕ್ರಿಸ್ತಾನುಕರಣೆ, ಲೂಯಿಸ್ ದೆ ಗ್ರನಾದಾ, ಅಲ್ಕಾಂತರಾದ ಪೇತ್ರರ ಬರಹಗಳು. ಅಕ್ಕಿ ಬೇಳೆಯ ಪಟ್ಟಿಯಂತೆ ಪುಸ್ತಕಗಳ ಪಟ್ಟಿ!

ಹಾಗೆಂದು ಓದಲು ಬಾರದವರನ್ನು ತೆರೇಸಾ ಕಡೆಗಣಿಸಿದವರಲ್ಲ. ಬಾಯಿಜಪ ಬಿಟ್ಟರೆ ಬೇರೇನೂ ತಿಳಿಯದೆಂದು ಅಳುತ್ತಾ ಬಂದ ಹಿರಿಯ ಸೋದರಿಯೊಬ್ಬರು, ಬರೀ ಪರಲೋಕ ಮಂತ್ರವನ್ನು ಹೇಳುತ್ತಲೇ ಆಳವಾದ ಧ್ಯಾನಕ್ಕೆ ಏರಿದ್ದನ್ನು ಕಂಡು ತಮಗೆ ಹೊಟ್ಟೆಕಿಚ್ಚಾಯಿತೆಂದು ಬರೆದಿದ್ದಾರೆ. ಜಪಸರ ಹಿಡಿದ ನಮ್ಮ ಅಜ್ಜಿಯಂದಿರು ಇದನ್ನು ಕೇಳಿ ನೆಮ್ಮದಿಯಾಗಿರಲಿ.

ಕೈಯಿಂದ ಕೈಗೆ

1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್ ಮಠದಲ್ಲಿ ತೆರೇಸಾ ಪ್ರಭುವಿನಲ್ಲಿ ನಿದ್ರಿಸಿದರು. ಜಗದ್ಗುರು ಹದಿಮೂರನೆಯ ಗ್ರೆಗೋರಿಯವರ ಪಂಚಾಂಗ ಸುಧಾರಣೆಯಿಂದಾಗಿ ಮಾರನೆಯ ದಿನವೇ ಅಕ್ಟೋಬರ್ 15 ಆಯಿತು. ಅವರ ಹಬ್ಬವನ್ನು ನಾವು ಆಚರಿಸುವುದು ಅಂದೇ.

ಆಕೆಯ ಬರಹಗಳನ್ನು 1588ರಲ್ಲಿ ಸಲಮಾಂಕದಲ್ಲಿ ಅಚ್ಚು ಹಾಕಿಸಿದವರು ಅಗುಸ್ತೀನರ ಸಭೆಯ ಕವಿ, ಪಂಡಿತ ಲೂಯಿಸ್ ದೆ ಲೆಯೋನ್. ಅವರೂ ಧರ್ಮವಿಚಾರಣಾ ಮಂಡಳಿಯ ಸೆರೆಮನೆಯಲ್ಲಿ 1572ರಿಂದ 1576ರವರೆಗೆ ಇದ್ದು ನಿರ್ದೋಷಿಯಾಗಿ ಹೊರಬಂದವರು. 1622ರ ಮಾರ್ಚ್ 12ರಂದು ಇಗ್ನಾಸಿಯವರು, ಫ್ರಾನ್ಸಿಸ್ ಝೇವಿಯರ್ ಮುಂತಾದವರ ಜತೆ ತೆರೇಸಾರನ್ನು ಸಂತರೆಂದು ಘೋಷಿಸಲಾಯಿತು. 1970ರ ಸೆಪ್ಟೆಂಬರ್ 27ರಂದು ಜಗದ್ಗುರು ಆರನೆಯ ಪೌಲರು ಅವರನ್ನು ಧರ್ಮಸಭೆಯ ಪಂಡಿತೆ ಎಂದು ಸಾರಿದರು. ಆ ಗೌರವ ಪಡೆದ ಮೊದಲ ಸ್ತ್ರೀ ಅವರೇ. ಸಂಶಯಕ್ಕೆ ಗುರಿಯಾದ ಪುಸ್ತಕ ಸಭೆಯ ಪಾಠಪುಸ್ತಕವಾಯಿತು.

1921ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಎಡಿತ್ ಸ್ಟೈನ್ ಎಂಬ ಯೆಹೂದ್ಯ ತತ್ವಶಾಸ್ತ್ರಜ್ಞೆ ಗೆಳತಿಯ ಮನೆಯಲ್ಲಿದ್ದಾಗ ತೆರೇಸಾರ ಆತ್ಮಚರಿತ್ರೆಯನ್ನು ಓದಿದರು. ತಾನು ಹುಡುಕುತ್ತಿದ್ದ ಸತ್ಯ ಇಲ್ಲಿದೆ ಎಂದು ಅವರಿಗೆ ಮನವರಿಕೆಯಾಯಿತು. 1922ರ ಜನವರಿ 1ರಂದು ಜ್ಞಾನಸ್ನಾನ ಪಡೆದು, 1933ರಲ್ಲಿ ಕಾರ್ಮೆಲ್ ಮಠ ಸೇರಿ, 1942ರ ಆಗಸ್ಟ್‌ನಲ್ಲಿ ಆಶ್‌ವಿಟ್ಝ್‌ನಲ್ಲಿ ಪ್ರಾಣ ಕೊಟ್ಟರು. 1998ರಲ್ಲಿ ಅವರೂ ಸಂತರಾದರು. ಅಗುಸ್ತೀನರ ಪುಸ್ತಕ ತೆರೇಸಾರನ್ನು ಎಬ್ಬಿಸಿತು, ತೆರೇಸಾರ ಪುಸ್ತಕ ಎಡಿತ್‌ರನ್ನು ಎಬ್ಬಿಸಿತು. ದೀಪದಿಂದ ದೀಪ ಹಚ್ಚಿದ ಹಾಗೆ.

ಆ ದೀಪ ನಮ್ಮ ನಾಡಿಗೂ ಬಂದಿದೆ. 1870ರಲ್ಲಿ ಫ್ರಾನ್ಸಿನ ಪೋ ನಗರದಿಂದ ಕಾರ್ಮೆಲ್ ಸೋದರಿಯರು ಮಂಗಳೂರಿಗೆ ಬಂದು ಮಠ ಸ್ಥಾಪಿಸಿದರು. ಹೊರಟವರಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡಿದ್ದರು. ಬಂದವರಲ್ಲಿ ಗಲಿಲೇಯ ನಾಡಿನ ಮರಿಯಂ ಬವಾರ್ದಿ ಒಬ್ಬರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದ ಇವರು 2015ರಲ್ಲಿ ಸಂತರೆಂದು ಘೋಷಿತರಾದರು. ಇವರಿಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ! ತೆರೇಸಾರ ಮನೆಯಲ್ಲಿ ಪಂಡಿತೆ ಎಡಿತ್‌ರಿಗೂ ಜಾಗವಿದೆ, ಅಕ್ಷರ ಅಷ್ಟಾಗಿ ಅರಿಯದ ಮರಿಯಂರಿಗೂ ಜಾಗವಿದೆ.

ಪ್ರಿಯ ಓದುಗರೇ, ಈಗ ನಿಮ್ಮ ಮನೆಗೆ ಬರೋಣ. ದೇವರ ಪೀಠದ ಪಕ್ಕದಲ್ಲಿ ನಾಲ್ಕು ಪುಸ್ತಕಗಳಿಗೆ ಜಾಗವಿದೆಯೇ? ಪವಿತ್ರ ಬೈಬಲ್ ಮೊದಲು. ಜತೆಗೆ ಒಂದು ಸಂತರ ಚರಿತ್ರೆ, ಒಂದು ಒಳ್ಳೆಯ ಕಥೆ ಕಾದಂಬರಿ, ಒಂದು ಪತ್ರಿಕೆ, ಮಕ್ಕಳಿಗೊಂದು ವಿಜ್ಞಾನದ ಪುಸ್ತಕ. ಒಂದೇ ಬಗೆಯ ಊಟ ಮೈಗೆ ಹಿಡಿಯದು, ಒಂದೇ ಬಗೆಯ ಓದು ಮನಸ್ಸಿಗೆ ಹಿಡಿಯದು. ಮಗಳು ಕದ್ದು ಏನೋ ಓದುತ್ತಿದ್ದರೆ ಮೊದಲು ಕಸಿಯಬೇಡಿ. ಅಲೋನ್ಸೊ ಅವರ ಕಟ್ಟುನಿಟ್ಟು ಪುಸ್ತಕವನ್ನು ಬಚ್ಚಿಡಲು ಕಲಿಸಿತು, ಓದು ನಿಲ್ಲಿಸಲಿಲ್ಲ. ಪಕ್ಕದಲ್ಲಿ ಕುಳಿತು ಏನು ಓದುತ್ತಿದ್ದೀಯಾ ಎಂದು ಕೇಳಿ. ಆ ಮೇಲೆ ದೊಡ್ಡಪ್ಪ ಪೆದ್ರೊ ಮಾಡಿದ ಹಾಗೆ ಮಾಡಿ. ನನಗೂ ಸ್ವಲ್ಪ ಓದಿ ಹೇಳು ಮಗೂ ಎಂದು ಒಂದು ಒಳ್ಳೆಯ ಪುಸ್ತಕವನ್ನು ಅವಳ ಕೈಗಿಡಿ.

ಅವಳು ನಿಮ್ಮ ದಾಕ್ಷಿಣ್ಯಕ್ಕೆ ಓದಿದರೂ ಸರಿ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾರೆ.